ಹಿಂದಿನ ಪೆಟ್ಟಿಗೆ ಮಾತಾಡುತ್ತಿಲ್ಲ

ಜೂನ್ ೩

ದೀಪ ಕಾಯುವ ನನ್ನ ತಮ್ಮ ಬಲ್ಬುವಿಗೆ,

ಚಿಕ್ಕಕ್ಕನ ಆಶೀರ್ವಾದ. ದೇವರು ನಿನ್ನನ್ನೂ ನಿನ್ನ ದೀಪಸ್ತಂಭವನ್ನೂ ಗಾಳಿಯಿಂದ ಕಾಪಾಡಲಿ. ಫೋನ್ ಮಾಡಿದರೆ ನಿನ್ನ ಮಾತಿಗಿಂತ ಆ ದ್ವೀಪದ ಗಾಳಿಯ ಮಾತೇ ಜಾಸ್ತಿ ಕೇಳುತ್ತದೆ. ಮೊನ್ನೆ ನೀನು ಏನೋ ಹೇಳಿದೆ, ನಾನು ಹ್ಞೂಂ ಹ್ಞೂಂ ಅಂದೆ. ಒಂದಕ್ಷರ ತಿಳಿಯಲಿಲ್ಲ. ಅದಕ್ಕೇ ಈ ಕಾಗದ. ಉತ್ತರವನ್ನೂ ಕಾಗದದಲ್ಲೇ ಬರೆ. ಕೈಯಲ್ಲಿ ಹಿಡಿದುಕೊಂಡು ಒಂದೊಂದೇ ಸಾಲು ಓದಿ ಮಾಡುತ್ತೇನೆ.

ಊರಿಗೆ ಬಂದಿದ್ದಾಗ ನೀನು ಮಂದಿರದಲ್ಲಿ ನಮ್ಮ ಹೆಂಗಸರ ಪ್ರಾರ್ಥನೆಯ ಹಾಡನ್ನು ಮೈಕಿನಲ್ಲಿ ಹಿಡಿದೆಯಲ್ಲ, ಅದನ್ನು ಕೇಳಲು ಭಾನುವಾರ ಎಲ್ಲರೂ ನಮ್ಮ ಮನೆಗೆ ಬಂದರು. ನೀನು ಹೇಳಿಕೊಟ್ಟ ಹಾಗೆಯೇ ಕಂಪ್ಯೂಟರ್ ಹಚ್ಚಿದೆ, ಅದರ ಪಕ್ಕದ ಕಪ್ಪು ಯಂತ್ರ ಹಚ್ಚಿದೆ. ಮುಂದೆ ಎರಡು ಪೆಟ್ಟಿಗೆ, ಬೆನ್ನ ಹಿಂದೆ ಎರಡು, ಮೂಲೆಯಲ್ಲಿ ಗುಡುಗುವ ಡಬ್ಬ. ನಡುವಿನ ಕುರ್ಚಿಯಲ್ಲಿ ದೊಡ್ಡಕ್ಕ ಕೂತಳು. ಬೇರೆ ಯಾರೂ ಅಲ್ಲಿ ಕೂರುವ ಧೈರ್ಯ ಮಾಡಲಿಲ್ಲ.

ಹಾಡು ಶುರುವಾಯಿತು. ಸಂಗೀತದ ಟೀಚರ್ ಜೇನು ಸುರಿದ ಹಾಗೆ ಬಂದರು. ಬಟ್ಟೆ ಹೊಲಿಯುವವಳು ಬಂದಳು. ನಾನು ಬಂದೆ, ನನ್ನ ಕೆಮ್ಮೂ ಬಂತು. ದೊಡ್ಡಕ್ಕ ಮಾತ್ರ ಬರಲಿಲ್ಲ. ಹಾಡು ಮುಗಿಯುವವರೆಗೂ ಅವಳು ತಲೆ ಓರೆ ಮಾಡಿಕೊಂಡು ಬಸ್ಸಿಗೆ ಕಾಯುವವರ ಹಾಗೆ ತನ್ನ ಧ್ವನಿಗೆ ಕಾದಳು. ಮುಗಿದ ಮೇಲೆ ಕೇಳಿದಳು.

"ನಾನೆಲ್ಲಿ?"

ಟೀಚರ್ ತಮ್ಮ ಕನ್ನಡಕ ಒರೆಸಿದರು.

"ಗೊತ್ತಾಯ್ತು ಬಿಡಿ. ಎಲ್ಲ ಸೇರಿ ನನ್ನನ್ನ ಅಳಿಸಿದೀರ. ಅದರಲ್ಲೂ ನೀನು, ನನ್ನ ಒಡಹುಟ್ಟಿದೋಳು!" ಎಂದು ಮಹಡಿಯ ಮೇಲಿನ ತನ್ನ ಮನೆಗೆ ಹತ್ತಿದವಳು ಇವತ್ತಿನವರೆಗೂ ಕೆಳಗೆ ಇಳಿದಿಲ್ಲ. ಈಗ ಮಗಳ ಊರಿಗೇ ಹೋಗಿ ಇದ್ದುಬಿಡುತ್ತಾಳಂತೆ. ತಿಂಗಳ ಕೊನೆಗೆ ಲಾರಿ ಗೊತ್ತುಮಾಡುತ್ತಿದ್ದಾಳೆ. ಮಗಳ ಮನೆಗೆ ಹೋಗಲಿ ಕಣೋ, ನಾನು ಬೇಡವೆನ್ನುವುದಿಲ್ಲ. ಆದರೆ ತಂಗಿ ನನ್ನ ಧ್ವನಿ ಅಳಿಸಿದಳು ಎಂದುಕೊಂಡು ಹೋದರೆ ನಾನು ದೇವರ ಮುಂದೆ ಯಾವ ಮುಖ ಇಟ್ಟುಕೊಂಡು ನಿಲ್ಲಲಿ?

ಅವಳ ಧ್ವನಿ ಎಲ್ಲಿ ಬಿದ್ದುಹೋಯಿತು, ಹುಡುಕಿಕೊಡು.

ನಿನ್ನ ಚಿಕ್ಕಕ್ಕ


ಜೂನ್ ೮

ಚಿಕ್ಕಕ್ಕ,

ಗಾಬರಿ ಬೇಡ. ದೊಡ್ಡಕ್ಕನ ಧ್ವನಿ ಎಲ್ಲೂ ಬಿದ್ದಿಲ್ಲ, ಕಂಪ್ಯೂಟರಿನಲ್ಲೇ ಭದ್ರವಾಗಿದೆ. ಅವಳನ್ನು ಮಂದಿರದ ಹಿಂಭಾಗದಲ್ಲಿ ಎಡಗಡೆಯ ಚಿಕ್ಕ ಕೋಣೆಯಲ್ಲಿ ಕೂರಿಸಿ ಬೇರೆಯಾಗಿ ಹಿಡಿದಿದ್ದೆನಲ್ಲ, ಆ ಧ್ವನಿಯನ್ನು ಪೂರ್ತಿಯಾಗಿ ಎಡಗಡೆಯ ಹಿಂದಿನ ಸ್ಪೀಕರಿಗೇ ಕೊಟ್ಟಿದ್ದೇನೆ. ಬಲಗಡೆಯ ಹಿಂದಿನದರಲ್ಲಿ ಮಂದಿರದ ಗೋಡೆಯ ಪ್ರತಿಧ್ವನಿ, ಬಾಗಿಲಿನ ಕಿರ್ ಅನ್ನುವ ಸದ್ದು, ಅಷ್ಟೆ. ಹಿಂದಿನವು ಮೌನವಾದರೆ ದೊಡ್ಡಕ್ಕನೂ ಮೌನ. ನಾನು ಹೊರಡುವ ದಿನ ನಾಲ್ಕೂ ಮಾತಾಡುತ್ತಿದ್ದವು.

ಮೊದಲ ಕೆಲಸ: ಹಿಂದಿನ ಸ್ಪೀಕರುಗಳನ್ನು ಕೆಳಗಿಳಿಸಿ, ವೈರ್ ಬಿಗಿಯಾಗಿ ಸಿಕ್ಕಿಸಿ ನೋಡು. ಎರಡನೆಯದು: ರಿಸೀವರಿನ ಮುಖದ ಮೇಲೆ ಏನು ಬರೆದಿದೆ, ತಿಳಿಸು.

ಎಣ್ಣೆ ತಂದ ದೋಣಿ ವಾಪಸ್ಸು ಹೊರಟಿದೆ, ಇಷ್ಟಕ್ಕೇ ನಿಲ್ಲಿಸುತ್ತೇನೆ. ಭಾವನಿಗೆ ನಮಸ್ಕಾರ.

ಬಲ್ಬು


ಜೂನ್ ೧೩

ಬಲ್ಬುವಿಗೆ,

ನೀನು ಹೇಳಿದ ಹಾಗೆಯೇ ಮಾಡಿದೆ. ಸೊಂಟ ಮುರಿಯಿತು.

ಹಿಂದಿನ ಸ್ಪೀಕರುಗಳು ಅಟ್ಟದ ತುದಿಯಲ್ಲಿದ್ದವು, ಅಪ್ಪನ ಕಾಲದ ಮರದವು, ಒಂದೊಂದೂ ಕುರಿಮರಿಯ ತೂಕ. ನಿನ್ನ ಭಾವ ಏಣಿ ಹಿಡಿದರು, ನಾನು ದೇವರ ಹೆಸರು ಹಿಡಿದೆ. ಕೆಳಗಿಳಿಸಿ ನೋಡಿದರೆ ಒಂದರೊಳಗೆ ಇಲಿ ಮರಿ ಹಾಕಿದೆ. ಅವುಗಳಿಗೆ ಬೇರೆ ಡಬ್ಬ ಮಾಡಿಕೊಟ್ಟು, ಹೊಸ ಪೆಟ್ಟಿಗೆಯ ವೈರು ತೆಗೆದು ಹಳೆಯದಕ್ಕೆ ಬಿಗಿಯಾಗಿ ಸುತ್ತಿದೆ. ಕಪ್ಪು ಯಂತ್ರ ಟಕ್ ಎಂದು ಆರಿಹೋಯಿತು. ಹಳೆಯದನ್ನು ಬಿಚ್ಚಿ ಹೊಸದನ್ನೇ ಮತ್ತೆ ಕಟ್ಟಿದ ಮೇಲೆ ಉಸಿರಾಡಿತು, ದೇವರ ದಯೆ. ಇಷ್ಟು ಒಳ್ಳೆಯ ಹೊಸ ಪೆಟ್ಟಿಗೆ ಇರುವಾಗ ಹಿಂದಿನವು ಯಾಕೆ ಬೇಕಾಗಿದ್ದವು ಅಂತ ನನಗಂತೂ ತಿಳಿಯಲಿಲ್ಲ. ಓದಿದವನು ಹೇಳಿದ್ದೀಯ, ಮಾಡಿದೆ.

ರಿಸೀವರಿನ ಮುಖದ ಮೇಲೆ ಏನೂ ಬರೆದಿಲ್ಲ. ಎತ್ತಿ, ತಿರುಗಿಸಿ, ಬೆಳಕಿಗೆ ಹಿಡಿದು ನೋಡಿದೆ. ಒಂದು ಕಡೆ ಕಿವಿಗೆ ತೂತು, ಇನ್ನೊಂದು ಕಡೆ ಬಾಯಿಗೆ ತೂತು. ಫೋನಿನ ರಿಸೀವರಿಗೂ ದೊಡ್ಡಕ್ಕನ ಧ್ವನಿಗೂ ಏನು ಸಂಬಂಧವೋ?

ದೊಡ್ಡಕ್ಕನ ಮಂಚ ಬಿಚ್ಚುವ ಸದ್ದು ಮೇಲಿನಿಂದ ಕೇಳುತ್ತಿದೆ. ಪಾಪ, ನೀನು ಅವಳೊಬ್ಬಳಿಗೇ ಬೇರೆ ಕೋಣೆ ಕೊಟ್ಟು, ಕಿವಿಗೆ ಹೆಡ್‌ಫೋನ್ ಹಾಕಿ, ಎಷ್ಟು ಮರ್ಯಾದೆ ಮಾಡಿದ್ದೆ! "ದೊಡ್ಡ ಗಾಯಕರನ್ನ ಹೀಗೇ ಬೇರೆ ಕೂರಿಸೋದಂತೆ ಕಣೇ" ಎಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದಳು. ಆ ಸಂತೋಷವೇ ಈಗ ಅವಳನ್ನು ಚುಚ್ಚುತ್ತಿದೆ.

ಚಿಕ್ಕಕ್ಕ


ಜೂನ್ ೧೭

ಚಿಕ್ಕಕ್ಕ,

ನಿನ್ನ ಕಾಗದ ಓದಿ ನಾನು ನಕ್ಕ ನಗುವಿಗೆ ಇಲ್ಲಿಯ ಅಡುಗೆಯವನು ಏನಾಯಿತೋ ಎಂದು ಮೆಟ್ಟಿಲು ಹತ್ತಿ ಬಂದ. ತಪ್ಪು ನನ್ನದೇ. ಹಿಂದಿನ ಸ್ಪೀಕರ್ ಎಂದರೆ ಹಳೆಯದಲ್ಲ ಮಾರಾಯ್ತಿ, ಕೂತವರ ಬೆನ್ನ ಹಿಂದಿರುವುದು! ಇನ್ನು ಮೇಲೆ 'ಹಿಂದಿನ' ಎಂಬ ಪದವನ್ನೇ ನಾನು ಬಳಸುವುದಿಲ್ಲ. 'ಬೆನ್ನಿನ ಪೆಟ್ಟಿಗೆ' ಎನ್ನೋಣ. ರಿಸೀವರ್ ಎಂದರೆ ಆ ಕಪ್ಪು ಯಂತ್ರ. ಕಂಪ್ಯೂಟರ್ ಕೊಟ್ಟ ಸದ್ದನ್ನು ಅದು ಕೈಯೊಡ್ಡಿ ಇಸಿದುಕೊಂಡು ಪೆಟ್ಟಿಗೆಗಳಿಗೆ ಹಂಚುತ್ತದೆ. ಇಲಿಮರಿಗಳು ಹೇಗಿವೆ?

ಈಗ ಹೀಗೆ ಮಾಡು. ಯಂತ್ರದ ರಿಮೋಟಿನಲ್ಲಿ 'ಟೆಸ್ಟ್' ಎಂಬ ಗುಂಡಿ ಇದೆ. ಅದನ್ನು ಒತ್ತಿದರೆ ಯಂತ್ರವೇ ಒಂದೊಂದು ಪೆಟ್ಟಿಗೆಯಿಂದ ಶ್ ಎನ್ನಿಸುತ್ತದೆ. ಬೆನ್ನಿನ ಪೆಟ್ಟಿಗೆಗಳು ಶ್ ಅಂದರೆ ಅವು ಚೆನ್ನಾಗಿವೆ, ವೈರೂ ಚೆನ್ನಾಗಿದೆ, ತೊಂದರೆ ಬೇರೆ ಕಡೆ ಇದೆ ಎಂದು ಅರ್ಥ. ಪರೀಕ್ಷೆ ಮುಗಿಯುವ ತನಕ ದೊಡ್ಡಕ್ಕನನ್ನು ಮಾತ್ರ ಕೆಳಗೆ ಕರೆಯಬೇಡ.

ಇನ್ನೊಂದು ಮಾತು. ನಿನಗೊಬ್ಬಳಿಗೇ. ಬೇರೆ ಕೋಣೆ ಕೊಟ್ಟದ್ದು ಮರ್ಯಾದೆಗಲ್ಲ. ಅವಳನ್ನು ಎಲ್ಲರ ಜೊತೆ ಕೂರಿಸಿದರೆ ಬೇರೆಯವರ ಹಾಡು ಹಿಡಿಯುವುದೇ ಆಗುತ್ತಿರಲಿಲ್ಲ. ಮೊದಲ ದಿನ ಎಲ್ಲ ಮೈಕಿನಲ್ಲೂ ಅವಳೇ. ಅದೂ ಯಾವ ಧಾಟಿ! ಅಮ್ಮನದು ನೆನಪಿದೆಯಲ್ಲ, ಸಂಜೆಯ ಪ್ರಾರ್ಥನೆಗೆ ನಮ್ಮ ಬೆನ್ನ ಹಿಂದೆ ಕೂತು, ತೂಕಡಿಸಿದವರನ್ನು ಚಿವುಟುತ್ತ, ಕೊನೆಯ ಸಾಲಿಗೆ ಬಂದಾಗ ಮೇಲೆ ಹತ್ತಿ ಇಳಿಯಲು ದಾರಿ ಕಾಣದೆ ಅಲ್ಲೇ ನಿಂತುಬಿಡುತ್ತಿದ್ದಳು. ಹಾಗೇ. ಟೀಚರ್ ನನ್ನ ಕಿವಿಯಲ್ಲಿ ಏನಾದರೂ ಮಾಡಿ ಎಂದರು. ದೊಡ್ಡ ಗಾಯಕರ ಕಥೆ ನಾನು ಕಟ್ಟಿದ್ದು. ಅವಳಿಗೆ ಹೇಳಬೇಡ.

ಬಲ್ಬು


ಜೂನ್ ೧೯

ಬಲ್ಬುವಿಗೆ,

ನಿನ್ನ ಕಾಗದ ಇನ್ನೂ ಬಂದಿಲ್ಲ. ಇನ್ನು ಬರುವುದೂ ಬೇಕಿಲ್ಲ, ಎಲ್ಲ ಸರಿಹೋಯಿತು! ನಿನ್ನ ಭಾವ ರಿಮೋಟಿನಲ್ಲಿ ಏನೋ ಒತ್ತಿದರು, ನಾಲ್ಕೂ ಪೆಟ್ಟಿಗೆಯಿಂದ ಹಾಡು ಬಂತು. "ಬಸ್ಸು ಓಡಿಸಿದ ಕೈ ಕಣೇ, ಯಾವ ಯಂತ್ರ ಆದ್ರೂ ಮಾತು ಕೇಳುತ್ತೆ" ಎಂದು ಮೀಸೆ ತಿರುವಿದರು. ಬೆನ್ನ ಹಿಂದಿನ ಪೆಟ್ಟಿಗೆಯೂ ಹಾಡಿತಪ್ಪಾ! ನಾನು ದೇವರಿಗೆ ದೀಪ ಹಚ್ಚಿ, ದೊಡ್ಡಕ್ಕನನ್ನು ಕರೆಯಲು ಹೊರಟಿದ್ದೇನೆ. ಕಾಗದ ಅರ್ಧದಲ್ಲಿಟ್ಟು ಹೋಗುತ್ತೇನೆ, ಬಂದು ಮುಗಿಸುತ್ತೇನೆ.

ಬಂದೆ.

ಎಷ್ಟು ಕಾಡಿ ಬೇಡಿ ಕರೆತಂದೆ ಗೊತ್ತಾ? ಕಾಲು ಹಿಡಿಯುವುದೊಂದು ಬಾಕಿ. ಕೂತಳು. ಹಾಡು ಬಂತು. ಅವಳು ಮೆಲ್ಲಗೆ, ಮಂದಿರದಲ್ಲಿ ತಾನು ಕೂತಿದ್ದ ದಿಕ್ಕಿಗೆ, ಬೆನ್ನ ಹಿಂದಿನ ಎಡಗಡೆಯ ಪೆಟ್ಟಿಗೆಯತ್ತ ತಿರುಗಿದಳು. ಅಲ್ಲಿಯೂ ಜೇನು ಸುರಿದ ಹಾಗೆ ಸಂಗೀತದ ಟೀಚರ್!

"ಆಹಾ," ಅಂದಳು. "ನಾನು ಕೂತಿದ್ದ ಜಾಗದಲ್ಲೂ ಅವಳನ್ನೇ ಕೂರಿಸಿದೀಯಾ? ಇದನ್ನ ತೋರಿಸೋಕೆ ಕರೆದ್ಯಾ?"

"ಅಕ್ಕಾ, ದೇವರಾಣೆ ನನಗೆ..."

"ದೇವರನ್ನ ನಡುವೆ ಎಳೀಬೇಡ. ಆತನಿಗೆ ಬೇರೆ ಕೆಲಸ ಇದೆ."

ಲಾರಿ ಗೊತ್ತಾಗಿದೆಯಂತೆ, ಮೂವತ್ತಕ್ಕೆ ಬೆಳಗ್ಗೆ. ನಿನ್ನ ಭಾವ ಮೀಸೆ ಇಳಿಸಿಕೊಂಡು ಹಿತ್ತಲಿಗೆ ಹೋಗಿ ಕೂತಿದ್ದಾರೆ.

ಚಿಕ್ಕಕ್ಕ


ಜೂನ್ ೨೧

ಬಲ್ಬುವಿಗೆ,

ಕರೆಯಬೇಡ ಎಂದು ನೀನು ಬರೆದ ಕಾಗದ ಕರೆದ ಮೇಲೆ ಬಂತು. ಇರಲಿ.

ಟೆಸ್ಟ್ ಗುಂಡಿ ಒತ್ತಿದೆ. ಮುಂದಿನ ಎಡಗಡೆ ಶ್ ಅಂತು, ಬಲಗಡೆ ಶ್ ಅಂತು, ಬೆನ್ನಿನ ಬಲಗಡೆ ಶ್, ಎಡಗಡೆ ಶ್. ಮನೆಯ ಸಾಮಾನುಗಳೂ ಸೇರಿ ನನಗೆ ಬಾಯಿ ಮುಚ್ಚು ಅಂದ ಹಾಗಾಯಿತು. ಯಂತ್ರದ ಮುಖದ ಮೇಲೆ 'ಸ್ಟೀರಿಯೊ' ಎಂದು ಬರೆದಿದೆ.

ನೀನು ಗುಟ್ಟಾಗಿ ಬರೆದದ್ದನ್ನು ಓದಿದೆ. ಓದಬಾರದಿತ್ತು. ನಾನಾಗಿ ಹೇಳುವುದಿಲ್ಲ. ಆದರೆ ಅವಳು ಬಾಯಿಬಿಟ್ಟು ಕೇಳಿದರೆ ಸುಳ್ಳು ಹೇಳಲು ನನ್ನಿಂದ ಆಗದು, ನಿನಗೆ ಗೊತ್ತಿದೆ. ಈಗ ನೋಡು ನನ್ನ ಪಾಡು. ಪೆಟ್ಟಿಗೆ ಹಾಡದಿದ್ದರೆ ನಾನು ಅಳಿಸಿದೆ ಅನ್ನುತ್ತಾಳೆ. ಹಾಡಿದರೆ ಯಾಕೆ ನಾನೊಬ್ಬಳೇ ಹಿಂದೆ ಅನ್ನುತ್ತಾಳೆ. ಆದರೂ ಹಾಡಲಿ. ಇರುವ ಧ್ವನಿ ಇಲ್ಲ ಅಂತ ಆಗಬಾರದು.

ಇಲಿಮರಿಗಳು ಕಣ್ಣು ಬಿಟ್ಟಿವೆ.

ಚಿಕ್ಕಕ್ಕ


ಜೂನ್ ೨೫

ಚಿಕ್ಕಕ್ಕ,

ಭಾವ ಒತ್ತಿದ್ದು ಗಿಳಿಪಾಠದ ಗುಂಡಿ. ಮುಂದಿನ ಪೆಟ್ಟಿಗೆಯ ಹಾಡನ್ನೇ ನಕಲು ಮಾಡಿ ಬೆನ್ನಿನದಕ್ಕೂ ಕೊಡುತ್ತದೆ. ಹೊಸದಾಗಿ ಏನೂ ಬರುವುದಿಲ್ಲ. ಅದಕ್ಕೇ ಎಲ್ಲ ಕಡೆಯೂ ಟೀಚರ್.

ಪೆಟ್ಟಿಗೆಗಳು ಶ್ ಅಂದವು ಎಂದರೆ ಅವುಗಳದೂ ವೈರಿನದೂ ಯಂತ್ರದ್ದೂ ತಪ್ಪಿಲ್ಲ. ನಾಲ್ಕು ಧ್ವನಿ ಯಂತ್ರದವರೆಗೆ ಬರುತ್ತಲೇ ಇಲ್ಲ, ಎರಡೇ ಬರುತ್ತಿವೆ. 'ಸ್ಟೀರಿಯೊ' ಎಂದರೆ ಅದೇ. ಕಂಪ್ಯೂಟರಿನ ಪರದೆಯಲ್ಲಿ ಕೆಳಗಿನ ಮೂಲೆಯ ಪುಟ್ಟ ಸ್ಪೀಕರ್ ಚಿತ್ರ ಒತ್ತಿ, ಸೌಂಡ್ ಸೆಟ್ಟಿಂಗಿಗೆ ಹೋಗು. ಅಲ್ಲಿ ಎಷ್ಟು ಸ್ಪೀಕರ್ ಎಂದು ಕೇಳುತ್ತದೆ. ನಾಲ್ಕನ್ನು ಆರಿಸು. ಒಂದು ವೇಳೆ ಎರಡು ಬಿಟ್ಟು ಬೇರೇನೂ ತೋರಿಸದಿದ್ದರೆ ಹಿಂದಿನ ಕೇಬಲ್ ಸರಿಯಾಗಿ ಕೂತಿದೆಯೇ ನೋಡು. ಸರಿಹೋದರೆ ಯಂತ್ರದ ಮುಖದ ಮೇಲೆ 'ಮಲ್ಟಿ' ಎಂದು ಬರುತ್ತದೆ.

ಕಡಲು ಕೆಟ್ಟಿದೆ. ಈ ಕಾಗದ ಮೂವತ್ತರೊಳಗೆ ಮುಟ್ಟಲಿ ಎಂದು ನಿನ್ನ ದೇವರಿಗೆ ನಾನೂ ಒಂದು ಮಾತು ಹೇಳಿದ್ದೇನೆ. ಅಭ್ಯಾಸವಿಲ್ಲ, ಸರಿಯಾಗಿ ಹೇಳಿದೆನೋ ಇಲ್ಲವೋ.

ಬಲ್ಬು


ಜುಲೈ ೭

ನನ್ನ ಮುದ್ದಿನ ಬಲ್ಬುವಿಗೆ,

ನಿನ್ನ ಕಾಗದ ಲಾರಿಗಿಂತ ಸ್ವಲ್ಪವೇ ಮುಂಚೆ ಬಂತು. ನೀನು ಹೇಳಿದ ಮಾತು ದೇವರಿಗೆ ಸರಿಯಾಗಿಯೇ ಕೇಳಿಸಿದೆ.

ಕಂಪ್ಯೂಟರಿನಲ್ಲಿ ಎರಡು ಬಿಟ್ಟು ಬೇರೇನೂ ತೋರಿಸಲಿಲ್ಲ. ಮುಂದಿನ ಸಾಲು ಓದಿದೆ. ಹಿಂದಿನ ಕೇಬಲ್! ಆ ಪದ ಬಳಸುವುದಿಲ್ಲ ಎಂದು ಮಾತು ಕೊಟ್ಟವನು ನೀನು. ಬಳಸಿದ್ದೀಯ ಎಂದರೆ ಈ ಸಲ ನಿಜವಾಗಿಯೂ ಹಳೆಯದೇ ಇರಬೇಕು ಎಂದುಕೊಂಡೆ. ಹಾಗಾದರೆ ಮೊದಲು ಬೇರೆ ಕೇಬಲ್ ಇತ್ತೇ? ನಿನ್ನ ಭಾವ ಪೇಪರ್ ಓದುತ್ತ ಕೂತಿದ್ದರು.

"ರೀ, ಹಿಂದಿನ ಕೇಬಲ್ ಎಲ್ಲಿ?" ಅಂದೆ.

"ಯಾವ ಕೇಬಲ್ಲು?" ಪೇಪರಿನ ಹಿಂದಿನಿಂದ ಬಂತು.

"ಬಲ್ಬು ಬರೆದಿದಾನೆ, ಹಿಂದಿನ ಕೇಬಲ್ ನೋಡು ಅಂತ."

ಪೇಪರ್ ಮೆಲ್ಲಗೆ ಕೆಳಗಿಳಿಯಿತು. "ಅವನಿಗೆ ಹೇಗೆ ಗೊತ್ತಾಯ್ತು? ಆ ದೀಪದಲ್ಲಿ ಇಲ್ಲೀತನಕ ಕಾಣಿಸುತ್ತಾ?"

ಆಮೇಲೆ ಒಂದೊಂದಾಗಿ ಹೊರಬಂತು. ನೀನು ಹೊರಟ ವಾರವೇ ಫುಟ್ಬಾಲ್ ಮ್ಯಾಚ್ ನೋಡಲು, ಕಂಪ್ಯೂಟರಿನಿಂದ ಯಂತ್ರಕ್ಕೆ ಹೋಗುತ್ತಿದ್ದ ದಪ್ಪ ಕೇಬಲನ್ನು ಕಿತ್ತು ಟೀವಿಗೆ ಹಾಕಿಕೊಂಡಿದ್ದಾರೆ. ಕಂಪ್ಯೂಟರಿನ ಹೆಡ್‌ಫೋನ್ ತೂತಿನಿಂದ ಒಂದು ಸಣ್ಣ ವೈರನ್ನು ಯಂತ್ರಕ್ಕೆ ಸಿಕ್ಕಿಸಿ, ಸದ್ದು ಬಂದದ್ದು ನೋಡಿ ಸುಮ್ಮನಿದ್ದಾರೆ. ಅಟ್ಟಕ್ಕೆ ಏಣಿ ಹಿಡಿದಾಗಲೂ ಬಾಯಿ ಬಿಟ್ಟಿಲ್ಲ! "ಒಂದು ದಾರಿ ಮುಚ್ಚಿದ್ರೆ ಇನ್ನೊಂದು ದಾರೀಲಿ ಬಸ್ ಬಿಡೋದಿಲ್ವಾ?" ಎಂದರು. "ಎರಡು ಸೀಟಿನ ಬಸ್ಸು ಬಿಟ್ಟಿದೀರ, ನಮ್ಮಕ್ಕ ಸ್ಟಾಪಲ್ಲೇ ನಿಂತಿದಾಳೆ" ಅಂದೆ.

ದಪ್ಪ ಕೇಬಲ್ ಹಾಕುವಷ್ಟರಲ್ಲಿ ಹೊರಗೆ ಲಾರಿ ಬಂದು ನಿಂತಿತು. ಮೇಲಿನಿಂದ ಮಂಚ ಇಳಿಯಿತು, ಬೀರು ಇಳಿಯಿತು. ಈ ಸಲ ಕಂಪ್ಯೂಟರ್ ನಾಲ್ಕು ತೋರಿಸಿತು. ಒತ್ತಿದೆ. ಯಂತ್ರದ ಮುಖದಲ್ಲಿ 'ಮಲ್ಟಿ' ಎಂದು ಬರುವುದಕ್ಕೂ ದೊಡ್ಡಕ್ಕ ಬೀಗದ ಕೈ ಕೊಡಲು ಬಾಗಿಲಿಗೆ ಬರುವುದಕ್ಕೂ ಸರಿಹೋಯಿತು.

"ಒಂದೇ ಒಂದ್ಸಲ ಕೂತ್ಕೋ ಅಕ್ಕಾ."

"ಕೂತು ಸಾಕಾಗಿದೆ."

"ನಾನು ಯಾವತ್ತಾದ್ರೂ ನಿನಗೆ ಸುಳ್ಳು ಹೇಳಿದೀನಾ?"

ಅವಳು ಯೋಚಿಸಿದಳು. ಸಿಗಲಿಲ್ಲ. ಕುರ್ಚಿಯ ತುದಿಯಲ್ಲಿ, ಚೀಲ ತೊಡೆಯ ಮೇಲಿಟ್ಟುಕೊಂಡೇ ಕೂತಳು. ಹಾಡು ಹಾಕಿದೆ.

ಮೊದಲ ಸಾಲಿಗೇ ಬೆನ್ನ ಹಿಂದಿನಿಂದ ಬಂತು ನೋಡು ಧ್ವನಿ! ಹೊರಗೆ ಲಾರಿಯವನು ಬೀಡಿ ಕೆಳಗೆ ಹಾಕಿದ. ದೊಡ್ಡಕ್ಕ ಹುಬ್ಬು ಗಂಟು ಹಾಕಿದಳು.

"ಯಾರೇ ಅದು ಕಿರಿಚೋಳು? ಎಲ್ಲರಿಗಿಂತ ಮುಂದೆ ಓಡ್ತಿದಾಳೆ! ತೆಗೆಸೇ ಅದನ್ನ, ಹಾಡೇ ಕೆಡ್ತಿದೆ."

ಇಷ್ಟು ಪಾಡುಪಟ್ಟು ಹುಡುಕಿದ ಧ್ವನಿಯನ್ನು ಅವಳೇ ತೆಗೆಸು ಅನ್ನುತ್ತಿದ್ದಾಳೆ. ಏನು ಹೇಳಲಿ? ದೇವರೇ ಎಂದು ನಿಂತೆ. ಅಷ್ಟರಲ್ಲಿ ಕೊನೆಯ ಸಾಲು ಬಂತು. ಆ ಧ್ವನಿ ಮೇಲೆ ಹತ್ತಿತು, ಹತ್ತಿತು, ಇಳಿಯಲು ದಾರಿ ಕಾಣದೆ ಅಲ್ಲೇ ನಿಂತಿತು.

ದೊಡ್ಡಕ್ಕನ ತೊಡೆಯಿಂದ ಚೀಲ ಜಾರಿತು. ಮೆಲ್ಲಗೆ ಹಿಂದಕ್ಕೆ ತಿರುಗಿ ನೋಡಿದಳು, ಅಲ್ಲಿ ಯಾರೋ ಕೂತಿದ್ದಾರೆ ಅನ್ನುವ ಹಾಗೆ.

"ಅಮ್ಮನ್ನ ಯಾವಾಗ ಹಿಡಿದಿದ್ದ ಅವನು?" ಅಂದಳು.

"ಅಮ್ಮ ಅಲ್ಲ ಅಕ್ಕಾ. ಅದು ನೀನು."

ಅವಳು ಚೀಲ ಎತ್ತಿ ಪಕ್ಕಕ್ಕಿಟ್ಟಳು. ಆಮೇಲೆ "ಇನ್ನೊಂದ್ಸಲ ಹಾಕು" ಅಂದಳು. ಹಾಕಿದೆ. ಲಾರಿಯವನು ಹಾರನ್ ಹೊಡೆದ. ಅವಳು ಪೆಟ್ಟಿಗೆಗೆ ಬೆನ್ನು ಕೊಟ್ಟು ನೆಟ್ಟಗೆ ಕೂತಿದ್ದಳು, ಸಂಜೆ ಪ್ರಾರ್ಥನೆಯಲ್ಲಿ ತೂಕಡಿಸಿದರೆ ಚಿವುಟು ಬೀಳುತ್ತದೆ ಅನ್ನುವ ಹಾಗೆ. ನಾನೂ ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತೆ. ಮೂರನೆಯ ಸಲ ಹಾಡು ಮುಗಿದಾಗ ಅವಳೇ ಮೆಲ್ಲಗೆ ಕೇಳಿದಳು.

"ನಿಜ ಹೇಳು. ನನ್ನನ್ನ ಯಾಕೆ ಬೇರೆ ಕೂರಿಸಿದ?"

ಬಾಯಿಬಿಟ್ಟು ಕೇಳಿದಳು ಕಣೋ. ಹೇಳಿದೆ. ಟೀಚರ್ ಅಂದದ್ದು, ನೀನು ಕಟ್ಟಿದ ಗಾಯಕರ ಕಥೆ, ಎಲ್ಲ. ಅವಳು ಬೆನ್ನ ಹಿಂದಿನ ಪೆಟ್ಟಿಗೆಯತ್ತ ಮತ್ತೊಮ್ಮೆ ತಿರುಗಿದಳು.

"ಅಮ್ಮ ಹಿಂದೆ ಕೂರ್ತಿದ್ದಿದ್ದು ನಮ್ಮನ್ನ ಚಿವುಟೋಕೆ ಅಂದ್ಕೊಂಡಿದ್ದೆ ಕಣೇ. ಅಪ್ಪ ಅವಳನ್ನ ಅಲ್ಲಿ ಕೂರಿಸಿದ್ದೂ ಇದಕ್ಕೇನಾ?"

ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಇಬ್ಬರಿಗೂ ಒಟ್ಟಿಗೇ ನಗು ಬಂತು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ನನಗೆ ಕೆಮ್ಮು ಹತ್ತಿತು, ನಿನ್ನ ಭಾವ ಹೆದರಿ ನೀರು ತಂದರು.

ಆಮೇಲೆ ಕಣ್ಣು ಒರೆಸಿಕೊಂಡು ಕೇಳಿದಳು, "ಮಗಳ ಮನೇಲಿ ಎಷ್ಟು ಪೆಟ್ಟಿಗೆ ಇದೆ?"

"ಎರಡು, ಟೀವಿ ಜೊತೆಗೆ ಬಂದಿರೋದು."

"ಎರಡರಲ್ಲಿ ನಾನು ಬರೋದಿಲ್ಲ, ಅಲ್ವಾ?"

"ಬರೋದಿಲ್ಲ. ಟೀಚರ್ ಬರ್ತಾರೆ."

ದೊಡ್ಡಕ್ಕ ಎದ್ದು ಬಾಗಿಲಿಗೆ ಹೋಗಿ, "ಏನಪ್ಪಾ, ಆ ಮಂಚ ಮೇಲಕ್ಕೆ ಹೊರು" ಅಂದಳು. ಲಾರಿಯವನು ಅಂದ ಮಾತುಗಳನ್ನು ಬರೆಯಲಾರೆ. ನಿನ್ನ ಭಾವ ಪ್ರಾಯಶ್ಚಿತ್ತಕ್ಕೆ ಬೀರುವಿನ ಒಂದು ತುದಿ ಹೊತ್ತರು.

ಈಗ ದಿನಾ ಸಂಜೆ ಇಳಿದು ಬರುತ್ತಾಳೆ. ಅದೇ ಕುರ್ಚಿ, ಎಡಗಡೆಯ ಪೆಟ್ಟಿಗೆಗೆ ಬೆನ್ನು. ಮ್ಯಾಚ್ ಇದ್ದರೂ ದಪ್ಪ ಕೇಬಲ್ ಮುಟ್ಟಲು ಯಾರಿಗೂ ಧೈರ್ಯವಿಲ್ಲ. ಇನ್ನೊಂದು ಕೇಬಲ್ ಇದ್ದರೆ ಕಳಿಸು, ನಿನ್ನ ಭಾವನ ಮುಖ ನೋಡಲಾಗುತ್ತಿಲ್ಲ. ಕೆಳಗೆ ದೊಡ್ಡಕ್ಕ ಏನೋ ಬರೆಯುತ್ತಾಳಂತೆ, ಜಾಗ ಬಿಟ್ಟಿದ್ದೇನೆ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ಚಿಕ್ಕಕ್ಕ

ಬಲ್ಬು, ನಿನಗೆ ಬೈಗುಳ ಬೇರೆ ಕಾಗದದಲ್ಲಿ ಬರುತ್ತದೆ, ಇಲ್ಲಿ ಜಾಗ ಸಾಲದು. ಮುಂದಿನ ಸಲ ಹಾಡು ಹಿಡಿಯುವಾಗ ನನ್ನನ್ನು ಹಿಂದೆಯೇ ಕೂರಿಸು. ನಿನ್ನ ಚಿಕ್ಕಕ್ಕನನ್ನೂ ನನ್ನ ಪಕ್ಕಕ್ಕೇ ತಂದು ಕೂರಿಸು. ಮುಂದೆ ಕೂತು ಬಹಳ ಕೆಮ್ಮುತ್ತಾಳೆ, ಹಾಡಿಗೆ ಅಡ್ಡ. ಇಂತಿ, ದೊಡ್ಡ ಗಾಯಕಿ.